ಪರದೆಯಕ್ಕ ಬಾಯಿ ಬಿಡದ ಮಧ್ಯಾಹ್ನ

ನಮ್ಮ ಕಾಲೇಜಿನ ಮಾಧ್ಯಮ ವಿಭಾಗದಲ್ಲಿ ಕೆಲಸ ಗೊತ್ತಿದ್ದವರು ಒಬ್ಬರೇ ಇದ್ದರು. ಅವರಿಗೆ ಪಾಠ ಮಾಡುವ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದವರ ವಿಷಯ ಮುಂದೆ ಬರುತ್ತದೆ.

ನಾನು ಆ ವಿಭಾಗದ ಗುಮಾಸ್ತ. ಹಾಜರಿ ಪಟ್ಟಿ, ನೋಟಿಸು, ಪತ್ರ ಟೈಪು ಮಾಡುವುದು ನನ್ನ ಕೆಲಸ. ನನ್ನ ಮೇಜು ಸ್ಟುಡಿಯೋ ಬಾಗಿಲಿಗೆ ಎದುರಾಗಿದೆ. ಸ್ಟುಡಿಯೋ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಮುರಿದ ಬೆಂಚು ತುಂಬಿಡುತ್ತಿದ್ದ ಉಗ್ರಾಣ ಅದು. ಒಂದು ದಿನ ಬೆಂಚು ಹೊರಗೆ ಹಾಕಿ, ಇದ್ದ ಒಂದೇ ಕಿಟಕಿಗೆ ಹಲಗೆ ಬಡಿದು, ಬಾಗಿಲ ಮೇಲೆ ಬೋರ್ಡು ತಗುಲಿಸಿದರು. ಒಳಗೆ ನಾಲ್ಕು ಸ್ಟ್ಯಾಂಡ್ ಲೈಟು, ಅದರಲ್ಲಿ ಒಂದಕ್ಕೆ ಕತ್ತು ನಿಲ್ಲುವುದಿಲ್ಲ. ಒಂದು ಕ್ಯಾಮರಾ. ಹಿಂದಿನ ಗೋಡೆಗೆ ಕಬ್ಬಿಣದ ಪೈಪು, ಆ ಪೈಪಿನಿಂದ ಇಳಿಬಿದ್ದ ದೊಡ್ಡ ಹಸಿರು ಪರದೆ. ಆ ಪರದೆಯನ್ನು ಮೂರು ತುಂಡು ಜೋಡಿಸಿ, ಹೊಲಿಗೆ ಕಾಣದ ಹಾಗೆ ಹೊಲಿದವರು ಅಲ್ಲಿಯ ಅಟೆಂಡರ್. ಐವತ್ತು ದಾಟಿದ ಹೆಂಗಸು. ಹುಡುಗರು ಅವರನ್ನು ಪರದೆಯಕ್ಕ ಅನ್ನುತ್ತಿದ್ದರು. ಹಿಂದಿನಿಂದ ಬೇರೆ ಏನೇನೋ ಅನ್ನುತ್ತಿದ್ದರು, ಯಾಕೆಂದರೆ ಅಕ್ಕನ ನಾಲಿಗೆ ಕತ್ತರಿಗಿಂತ ಹರಿತ.

ಪರದೆಯಕ್ಕ ಇಲ್ಲಿಗೆ ಬರುವ ಮುಂಚೆ ಹತ್ತೊಂಬತ್ತು ವರ್ಷ ತಮ್ಮ ಅಣ್ಣನ ಫೋಟೋ ಸ್ಟುಡಿಯೋದಲ್ಲಿ ದುಡಿದವರು. ಅಣ್ಣ ಕ್ಯಾಮರಾ ಹಿಂದೆ ನಿಂತು ‘ಸ್ವಲ್ಪ ನಗಿ’ ಅನ್ನುತ್ತಿದ್ದ. ಮಿಕ್ಕಿದ್ದೆಲ್ಲ ತಂಗಿಯದು. ಹಿಂದಿನ ಪರದೆಗೆ ಜಲಪಾತ ಬರೆದವರು ಅವರು. ಎಲ್ಲಿಗೂ ಹೋಗದ ಮೆಟ್ಟಿಲು ಬರೆದವರು ಅವರು. ಜಲಪಾತದ ಮೇಲೆ ಬಿಸಿಲು ಎಡಗಡೆಯಿಂದ ಬಿದ್ದಿದ್ದರೆ ಕೂತವರ ಕೆನ್ನೆಗೂ ಎಡಗಡೆಯಿಂದಲೇ ಬೆಳಕು ಬೀಳಬೇಕು ಅಂತ ಲೈಟು ತಿರುಗಿಸಿದವರೂ ಅವರೇ. ಊರೆಲ್ಲ ಅಣ್ಣನನ್ನು ಕಲಾವಿದ ಅಂದಿತು. ಎಲ್ಲರ ಜೇಬಿಗೂ ಫೋನು ಬಂದು ಸ್ಟುಡಿಯೋ ಮುಚ್ಚಿದ ಮೇಲೂ ಅಣ್ಣ ಕಲಾವಿದನಾಗಿಯೇ ಉಳಿದ, ತಂಗಿ ಅಟೆಂಡರ್ ಆದರು. ಈ ವಿಷಯ ಹೇಳುವಾಗ ಅಕ್ಕ ಮೂಗು ಮುರಿಯುತ್ತಿದ್ದರೇ ಹೊರತು ಅತ್ತದ್ದಿಲ್ಲ.

ಈ ಹಸಿರು ಪರದೆಯ ಗುಟ್ಟನ್ನು ನನಗೆ ಬಿಡಿಸಿ ಹೇಳಿದವರೂ ಅವರೇ.

“ನೋಡಿ, ಕಂಪ್ಯೂಟರಿಗೆ ಮನುಷ್ಯ ಯಾರು, ಬಟ್ಟೆ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಗೊತ್ತಿರೋದು ಹಸಿರು ಒಂದೇ. ಹಸಿರು ಕಂಡಲ್ಲೆಲ್ಲ ತೂತು ಮಾಡು ಅಂದ್ರೆ ಮಾಡುತ್ತೆ. ಆ ತೂತಿನ ಹಿಂದೆ ಸಮುದ್ರ ಇಡಿ, ಬೆಟ್ಟ ಇಡಿ, ಮನುಷ್ಯ ಅಲ್ಲೇ ನಿಂತ ಹಾಗೆ ಕಾಣ್ತಾನೆ. ಅಷ್ಟೇ ಆಟ. ಆದ್ರೆ ಹಸಿರು ಒಂದೇ ಸಮ ಇರ್ಬೇಕು. ಬಟ್ಟೆ ಸುಕ್ಕಾದ್ರೆ, ನೆರಳು ಬಿದ್ರೆ ಅದು ಒಂದು ಹಸಿರಾಗಿ ಇರಲ್ಲ, ಇಪ್ಪತ್ತು ಹಸಿರಾಗುತ್ತೆ. ಆಗ ಕಂಪ್ಯೂಟರ್ ದಡ್ಡನ ಹಾಗೆ ಅರ್ಧ ಅಳಿಸಿ ಅರ್ಧ ಬಿಡುತ್ತೆ.”

ನಾಲ್ಕೇ ಮಾತಿನಲ್ಲಿ ನನಗೆ ಅರ್ಥವಾದ ಇದನ್ನು ನಮ್ಮ ಉಪನ್ಯಾಸಕರು ಒಂದು ತಿಂಗಳು ಪಾಠ ಮಾಡುತ್ತಿದ್ದರು. ಅವರಿಗೆ ಸ್ಲೈಡ್ ಸರ್ ಅಂತ ಹೆಸರು ಬಿದ್ದಿತ್ತು. ಗೋಡೆಯ ಮೇಲೆ ಸ್ಲೈಡು ಬಿಟ್ಟು ಅದರಲ್ಲಿ ಇದ್ದುದನ್ನೇ ಓದುವುದರಲ್ಲಿ ಅವರದು ಎತ್ತಿದ ಕೈ. ಕರೆಂಟು ಹೋದರೆ ಪಾಠವೂ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವರು ಒಂದು ಲೈಟಿನ ಸ್ವಿಚ್ಚು ಒತ್ತಿದ್ದನ್ನು ನಾನು ಕಂಡಿಲ್ಲ. ಸ್ಟುಡಿಯೋಗೆ ಬಂದರೆ ಬಾಗಿಲ ಬಳಿಯೇ ನಿಂತು, ಒಳಗೆ ಹಾವಿದೆಯೋ ಏನೋ ಅನ್ನುವಂತೆ ಇಣುಕಿ, “ಎಲ್ಲಾ ಓಕೆನಾ?” ಅಂತ ಕೇಳಿ ಹೋಗುತ್ತಿದ್ದರು.

ಆ ವರ್ಷ ಕೊನೆಯ ವರ್ಷದವರಿಗೆ ಹಾಡಿನ ವಿಡಿಯೋ ಮಾಡುವ ಪ್ರಾಜೆಕ್ಟು. ಹಸಿರು ಪರದೆ ಬಳಸಲೇಬೇಕು ಅಂತ ನಿಯಮ. ಒಂದು ಗುಂಪಿನ ಮುಂದಾಳು, ಹಾಜರಿಗೆ ಬರುವ ಮುಂಚೆಯೇ ಹೆಸರಿನ ಹಿಂದೆ ‘ನಿರ್ದೇಶಕ’ ಅಂತ ಕಾರ್ಡು ಮುದ್ರಿಸಿಕೊಂಡಿದ್ದವನು. ನನಗೂ ಒಂದು ಕಾರ್ಡು ಕೊಟ್ಟಿದ್ದ. ಅವನ ಹಾಜರಿ ನೋಡುವಾಗ ಗುರುತಿಗೆ ಇಟ್ಟುಕೊಂಡೆ. ಎಲ್ಲರೂ ಅವನನ್ನು ಡೈರೆಕ್ಟರ್ ಅಂತಲೇ ಕರೆಯುತ್ತಿದ್ದರು. ಕೆಲವರು ಗೌರವಕ್ಕೆ, ಹೆಚ್ಚಿನವರು ಚುಡಾಯಿಸುವುದಕ್ಕೆ. ಅವನಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಹಾಡು ಅವನದಲ್ಲ. ಗುಂಪಿನಲ್ಲಿದ್ದ ಒಬ್ಬ ಹುಡುಗಿಯದು. ಅವಳೇ ಬರೆದು, ಅವಳೇ ರಾಗ ಕೂಡಿಸಿ, ಅವಳೇ ಹಾಡಿದ್ದು. ಅವಳ ಅಪ್ಪ ಬಸ್ ಡ್ರೈವರ್. ಚಿಕ್ಕವಳಿದ್ದಾಗ ಅಪ್ಪನ ಬಸ್ಸು ಬರುವುದನ್ನು ನಿಲ್ದಾಣದಲ್ಲಿ ನಿಂತು ಕಾಯುತ್ತಿದ್ದುದನ್ನು ಹಾಡು ಮಾಡಿದ್ದಳು. ಬಸ್ಸು ಬರುತ್ತದೆ, ಅಪ್ಪ ಹಾರ್ನು ಒತ್ತುತ್ತಾನೆ, ಇವಳು ಕೈ ಬೀಸುತ್ತಾಳೆ, ಬಸ್ಸು ನಿಲ್ಲದೆ ಹೋಗುತ್ತದೆ. ಯಾಕೆಂದರೆ ಅದು ಅಲ್ಲಿ ನಿಲ್ಲುವ ಬಸ್ಸಲ್ಲ. ಇಷ್ಟೇ ಹಾಡು. ಸ್ಟುಡಿಯೋದಿಂದ ಮೊದಲ ಸಲ ಕೇಳಿಬಂದಾಗ ನಾನು ಟೈಪು ಮಾಡುವುದನ್ನು ನಿಲ್ಲಿಸಿದ್ದೆ.

ಡೈರೆಕ್ಟರ್ ಅದನ್ನು ಕೇಳಿ, “ಬಸ್ಸು ಗಿಸ್ಸು ವಿಶುವಲ್ ಆಗಲ್ಲ. ಸಮುದ್ರ ಇಡೋಣ. ಕಾಯೋದು ಅಂದ್ರೆ ಸಮುದ್ರನೇ,” ಅಂದನಂತೆ. ಸಮುದ್ರ ಸಾಲದೆ ಬೆಟ್ಟ ಬಂತು. ಬೆಟ್ಟದ ಮೇಲೆ ಹುಣ್ಣಿಮೆ ಬಂತು. ಹುಡುಗಿ ಏನೋ ಹೇಳಲು ಹೋದಳು; ಅವನು ಎರಡೂ ಕೈಯಿಂದ ಗಾಳಿಯಲ್ಲಿ ಚೌಕ ಮಾಡಿ ಅವಳನ್ನು ಅದರೊಳಗಿಂದ ನೋಡಿದ. ಮಾತು ಅಲ್ಲಿಗೆ ಮುಗಿಯಿತು.

ಚಿತ್ರೀಕರಣದ ದಿನ ಪರದೆಯಕ್ಕ ಬೆಳಗ್ಗೆಯೇ ಬಂದು ಏಣಿ ಹತ್ತಿ, ಪರದೆ ಇಳಿಸಿ, ಇಸ್ತ್ರಿ ಹಾಕಿ, ಮತ್ತೆ ಏರಿಸಿ, ಕೆಳಗಿನ ಅಂಚಿಗೆ ಮರದ ಪಟ್ಟಿ ಕಟ್ಟಿ ಬಿಗಿ ಮಾಡಿದ್ದರು. ತಬಲದ ಚರ್ಮದ ಹಾಗೆ ಎಳೆದು ನಿಂತಿತ್ತು ಅದು. ಡೈರೆಕ್ಟರ್ ಬಂದವನೇ ಪಟ್ಟಿ ಬಿಚ್ಚಿಸಿದ. ಬಟ್ಟೆಯನ್ನು ನೆಲದವರೆಗೂ ಹಾಸಬೇಕಂತೆ, ಹುಡುಗಿ ಅಲೆಗಳ ಮೇಲೆ ನಡೆಯಬೇಕಂತೆ. ಅವನ ಗೆಳೆಯರು ಬೂಟು ಹಾಕಿಕೊಂಡೇ ಅದರ ಮೇಲೆ ಓಡಾಡಿದರು. ನಾಲ್ಕು ಲೈಟನ್ನೂ ಹುಡುಗಿಯ ಮುಖಕ್ಕೇ ತಿರುಗಿಸಿದರು, ಪರದೆಗೆ ಒಂದೂ ಇಲ್ಲ. ಅವಳನ್ನು ಪರದೆಗೆ ಬೆನ್ನು ತಾಗುವಷ್ಟು ಹತ್ತಿರ ನಿಲ್ಲಿಸಿದರು. ಅವಳ ನೆರಳು ಅವಳ ಹಿಂದೆಯೇ ಕಪ್ಪಗೆ ನಿಂತಿತು. ಕೊನೆಗೆ ಕೂದಲು ಹಾರಲಿ ಅಂತ ಟೇಬಲ್ ಫ್ಯಾನು ತಂದರು. ಕೂದಲು ಹಾರಿತು. ಅದರ ಜೊತೆಗೆ ಪರದೆಯೂ ಹಾರಿತು.

ಸ್ಟುಡಿಯೋ ಬಾಗಿಲು ತೆರೆದಿತ್ತು. ನಾನು ಎಲ್ಲ ನೋಡುತ್ತಿದ್ದೆ.

“ತಮ್ಮಾ, ಒಂದು ಮಾತು,” ಅಂದರು ಪರದೆಯಕ್ಕ. “ಹುಡುಗೀನ ಎರಡು ಮಾರು ಮುಂದೆ ನಿಲ್ಲಿಸಿ. ನೆರಳು ನೆಲಕ್ಕೆ ಬೀಳುತ್ತೆ, ಬಟ್ಟೆಗಲ್ಲ. ಎರಡು ಲೈಟು ಬಟ್ಟೆಗೇ ಇಡಿ, ಆ ಕಡೆ ಒಂದು ಈ ಕಡೆ ಒಂದು. ಫ್ಯಾನು ಕೆಳಗಿಂದ ಮೇಲಕ್ಕೆ ಬೀಸ್ಲಿ, ಬಟ್ಟೆಗೆ ತಾಗದ ಹಾಗೆ.”

“ಪರದೆಯಕ್ಕಾ, ಅದೆಲ್ಲ ಎಡಿಟಲ್ಲಿ ಸರಿಯಾಗುತ್ತೆ.”

“ಎಡಿಟಲ್ಲಿ ಸರಿ ಮಾಡೋದು ಯಾರು?”

“ನಾನೇ.”

“ಹಾಗಾದ್ರೆ ಈಗ್ಲೇ ಸರಿ ಮಾಡ್ಕೊಳ್ಳಿ.”

ಗೆಳೆಯರು ಕಿಸಕ್ಕನೆ ನಕ್ಕರು. ಡೈರೆಕ್ಟರ್ ಕಿವಿ ಕೆಂಪಾಯಿತು. ಅದೇ ಹೊತ್ತಿಗೆ ಸ್ಲೈಡ್ ಸರ್ ಬಾಗಿಲಲ್ಲಿ ಇಣುಕಿದರು. “ಎಲ್ಲಾ ಓಕೆನಾ?”

“ಸರ್, ಇವರು ಪ್ರತಿ ಶಾಟಿಗೂ ಅಡ್ಡ ಬರ್ತಿದ್ದಾರೆ,” ಅಂದ ಡೈರೆಕ್ಟರ್. “ಪರದೆ ಹಾಕೋರು ಪರದೆ ಹಾಕಿದ್ರೆ ಸಾಕಲ್ವಾ ಸರ್?”

ಸ್ಲೈಡ್ ಸರ್ ಪರದೆ ನೋಡಲಿಲ್ಲ, ಲೈಟು ನೋಡಲಿಲ್ಲ. “ನೀವು ಬಟ್ಟೆ ನೋಡ್ಕೊಳ್ಳಿ,” ಅಂದರು ಅಕ್ಕನಿಗೆ. “ವಿಷಯ ನಾವು ನೋಡ್ಕೋತೀವಿ. ನಿಮ್ಮನ್ನ ಕೇಳಿದ್ರೆ ಮಾತ್ರ ಹೇಳಿ.”

“ಆಯ್ತು ಸರ್.”

ಅಷ್ಟೇ ಅಂದರು ಅವರು. ಹೊರಗೆ ಬಂದು ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ನೀರು ಬೇಕಾ ಅಂತ ಕೇಳಿದೆ, ಬೇಡ ಅಂತ ತಲೆಯಾಡಿಸಿದರು.

ಊಟದ ನಂತರ ಹುಡುಗಿ ಬಟ್ಟೆ ಬದಲಾಯಿಸಿ ಬಂದಳು. ನೆಲ ಮುಟ್ಟುವ ಉದ್ದದ ಉಡುಗೆ, ನವಿಲಿನ ಬಣ್ಣದ್ದು. ಅವಳ ಚಿಕ್ಕಮ್ಮ ಟೈಲರ್. ಇದಕ್ಕೆಂದೇ ಎರಡು ವಾರ ಕೂತು ಹೊಲಿದದ್ದು ಅಂತ ನನಗೂ ತೋರಿಸಿದಳು. ತೋಳಿನ ಅಂಚಿಗೆ ಸಣ್ಣ ಸಣ್ಣ ಮಣಿ. ಕಾರಿಡಾರಿನ ಟ್ಯೂಬ್‌ಲೈಟಿನಲ್ಲಿ ಅದು ನೀಲಿಯಾಗಿ ಕಾಣುತ್ತಿತ್ತು. “ಹೇಗಿದೆ ಅಕ್ಕಾ?” ಅಂತ ಪರದೆಯಕ್ಕನನ್ನು ಕೇಳಿದಳು. ಆ ಗುಂಪಿನಲ್ಲಿ ಅವರನ್ನು ಬರೀ ‘ಅಕ್ಕ’ ಅಂತ ಕರೆಯುತ್ತಿದ್ದವಳು, ಕ್ಯಾಮರಾ ಎತ್ತಿಡಲು ಕೈ ಕೊಡುತ್ತಿದ್ದವಳು ಅವಳೊಬ್ಬಳೇ.

“ಚೆನ್ನಾಗಿದೆ ಕಣಮ್ಮಾ,” ಅಂದರು ಪರದೆಯಕ್ಕ.

ಹುಡುಗಿ ಒಳಗೆ ಹೋಗಿ ಸ್ಟುಡಿಯೋದ ಹಳದಿ ಲೈಟಿನ ಕೆಳಗೆ ನಿಂತಳು. ನನಗೇನೂ ಹೊಳೆಯಲಿಲ್ಲ. ಆದರೆ ಅಕ್ಕ ಸ್ಟೂಲಿನಿಂದ ಅರ್ಧ ಎದ್ದದ್ದನ್ನು ಕಂಡೆ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ಒಳಗಿನಿಂದ ಡೈರೆಕ್ಟರ್ ದನಿ ಬಂತು: “ಸೂಪರ್, ಸಮುದ್ರಕ್ಕೆ ಮ್ಯಾಚ್ ಆಗುತ್ತೆ.” ಅಕ್ಕ ಮತ್ತೆ ಕೂತರು. ಸಂಜೆ ನಾಲ್ಕೂವರೆಯವರೆಗೆ ತುಟಿ ಪಿಟಕ್ಕೆನ್ನದೆ ಕೂತೇ ಇದ್ದರು. ಆಮೇಲೆ ಒಳಗೆ ಹೋಗಿ, ಬೂಟಿನ ಗುರುತು ಬಿದ್ದ ಪರದೆ ಮಡಿಸಿ, ಒಗೆಯಲು ಎತ್ತಿಕೊಂಡು ಹೋದರು.

ಮುಂದಿನ ಎರಡು ವಾರ ಡೈರೆಕ್ಟರ್ ಲ್ಯಾಪ್‌ಟಾಪ್ ಮುಂದೆ ಕೂತು ಬೆವರಿದ. ಕಂಪ್ಯೂಟರಿಗೆ ಹಸಿರು ಅಳಿಸು ಅಂದರೆ ಸುಕ್ಕು ಉಳಿಯಿತು, ನೆರಳು ಉಳಿಯಿತು, ಬೂಟಿನ ಗುರುತು ಉಳಿಯಿತು. ಇನ್ನಷ್ಟು ಅಳಿಸು ಅಂದ. ಇನ್ನೂ ಅಷ್ಟು ಅಂದ. ಕೊನೆಗೆ ಹಸಿರಿನ ದೂರದ ನೆಂಟರನ್ನೂ ಬಿಡದೆ ಅಳಿಸು ಅಂದಾಗ ಪರದೆ ಪೂರ್ತಿ ಹೋಯಿತು. ಜೊತೆಗೆ ಹುಡುಗಿಯ ಉಡುಗೆಯೂ ಮುಕ್ಕಾಲು ಪಾಲು ಹೋಯಿತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಹಿಂದೆ ನೀಲಿ ಸಮುದ್ರ ಇತ್ತಲ್ಲ. ಆ ಮಸುಕು ಲ್ಯಾಪ್‌ಟಾಪಿನಲ್ಲಿ, ಹೊಟ್ಟೆಯೊಳಗಿಂದ ಕಾಣುತ್ತಿದ್ದ ಸಮುದ್ರವೇ ಉಡುಗೆಯ ಹಾಗೆ ಕಂಡಿತು. ಮ್ಯಾಚ್ ಆಗುತ್ತೆ ಅಂದಿದ್ದನಲ್ಲ, ಆಗಿತ್ತು.

ಪ್ರದರ್ಶನದ ದಿನ ಬೆಳಗ್ಗೆ ಸ್ಲೈಡ್ ಸರ್ ಒಂದು ನಿಮಿಷ ನೋಡಿ, “ಫ್ರೇಮ್ ಖಾಲಿ ಹೊಡೀತಿದೆ, ಏನಾದ್ರೂ ಹಾಕು,” ಅಂದರು. ಹನ್ನೊಂದು ವರ್ಷದಲ್ಲಿ ಅವರು ಕೊಟ್ಟ ಏಕೈಕ ಸಲಹೆ ಅದು ಅಂತ ನನ್ನ ನಂಬಿಕೆ. ಡೈರೆಕ್ಟರ್ ಎಲ್ಲಿಂದಲೋ ಒಂದು ಹಡಗು ಹುಡುಕಿ ಸಮುದ್ರಕ್ಕೆ ಬಿಟ್ಟ. ಮತ್ತೊಮ್ಮೆ ಪೂರ್ತಿ ನೋಡುವಷ್ಟು ಹೊತ್ತು ಇರಲಿಲ್ಲ, ಅಥವಾ ಅಷ್ಟು ವಿನಯ ಇರಲಿಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಮೂರನೇ ಸಾಲಿನಲ್ಲಿ ಹುಡುಗಿಯ ಅಪ್ಪ, ಡ್ಯೂಟಿಯ ಅಂಗಿಯಲ್ಲೇ ಬಂದವರು. ಪಕ್ಕದಲ್ಲಿ ಅವಳ ಚಿಕ್ಕಮ್ಮ, ತಾನು ಹೊಲಿದದ್ದು ದೊಡ್ಡ ಪರದೆಯ ಮೇಲೆ ಹೇಗೆ ಕಾಣುತ್ತದೋ ಅಂತ ಕತ್ತು ಚಾಚಿ ಕೂತವರು. ಡೈರೆಕ್ಟರ್ ವೇದಿಕೆ ಹತ್ತಿ ತನ್ನ ದೃಷ್ಟಿಕೋನದ ಬಗ್ಗೆ ಹತ್ತು ನಿಮಿಷ ಮಾತಾಡಿದ. ಹಾಡು ಎರಡೂವರೆ ನಿಮಿಷದ್ದು.

ದೀಪ ಆರಿತು. ಹಾಡು ಶುರುವಾಯಿತು. ದೊಡ್ಡ ಪರದೆಯ ಮೇಲೆ ಒಂದು ತಲೆ, ಎರಡು ಅಂಗೈ, ಒಂದಿಷ್ಟು ಮಣಿ. ನಡುವೆ ಗಾಜಿನ ಹಾಗೆ ಏನೋ ಒಂದು ಹೊಳೆಯುತ್ತಿತ್ತು, ಅದರೊಳಗೆ ಅಲೆ ಏಳುತ್ತಿತ್ತು. ಮೊದಲು ಯಾರೂ ನಗಲಿಲ್ಲ. ಇದೇ ಕಲೆ ಇರಬಹುದು ಅಂದುಕೊಂಡರು. ಆಮೇಲೆ ಎಡಗಡೆಯಿಂದ ಹಡಗು ಬಂತು. ನಿಧಾನವಾಗಿ ಹುಡುಗಿಯ ಹೊಟ್ಟೆಯೊಳಗೆ ಹೊಕ್ಕಿತು. ಅವಳು ಕಣ್ಣು ಮುಚ್ಚಿ ಅಪ್ಪನ ನೆನಪಿನ ಸಾಲು ಹಾಡುತ್ತಿದ್ದಾಗ ಹಡಗು ಬೆನ್ನಿನ ಕಡೆಯಿಂದ ಹೊರಗೆ ಬಂದು ಹೊಗೆ ಬಿಟ್ಟಿತು.

ಸಭೆಗೆ ಸಭೆಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಪ್ರಿನ್ಸಿಪಾಲರು ಕರ್ಚೀಫು ಬಾಯಿಗೆ ಒತ್ತಿಕೊಂಡರು. ನಾನೂ ನಕ್ಕೆ. ನಗಲಿಲ್ಲ ಅಂದರೆ ಸುಳ್ಳು ಹೇಳಿದ ಹಾಗೆ. ಹುಡುಗಿಯ ಅಪ್ಪ ಮಾತ್ರ ಎದುರಿನ ರಸ್ತೆ ನೋಡುವವರ ಹಾಗೆ ನೆಟ್ಟಗೆ ನೋಡುತ್ತಾ ಕೂತಿದ್ದರು. ಚಿಕ್ಕಮ್ಮ ಪಕ್ಕದವರನ್ನು, “ಬಟ್ಟೆ ಎಲ್ಲಿ? ಬಟ್ಟೆ ಎಲ್ಲಿ ಹೋಯ್ತು?” ಅಂತ ಕೇಳುತ್ತಿದ್ದರು. ಹುಡುಗಿ ಯಾವಾಗ ಎದ್ದು ಹೋದಳೋ ಯಾರಿಗೂ ಗೊತ್ತಾಗಲಿಲ್ಲ.

ಪರದೆಯಕ್ಕ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಅವರು ನಗುತ್ತಿರಲಿಲ್ಲ.

ಮುಗಿದ ಮೇಲೆ ಕಾರಿಡಾರಿನಲ್ಲಿ ಡೈರೆಕ್ಟರ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಆದರೆ ಅಂಥವರು ಹಾಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಐದು ನಿಮಿಷದಲ್ಲಿ ಕಾರಣ ಸಿಕ್ಕಿತು. “ಪರದೆ ಸರಿ ಇರ್ಲಿಲ್ಲ ಸರ್. ಬರೀ ಸುಕ್ಕು. ಅದಕ್ಕೇ ಹೀಗಾಯ್ತು.” ಸ್ಲೈಡ್ ಸರ್ ತಲೆದೂಗಿ, ಅದನ್ನೇ ಪ್ರಿನ್ಸಿಪಾಲರಿಗೆ ಹೇಳಿ ಕೈ ತೊಳೆದುಕೊಂಡರು.

ನನಗೆ ಸಿಟ್ಟು ಬಂತು. ಮಾರನೆಯ ದಿನ ಪರದೆಯಕ್ಕನಿಗೆ, “ನೀವು ಬರೆದು ಕೊಡಿ. ಅವತ್ತು ಏನಾಯ್ತು ಅಂತ ನಾನೇ ಸಾಕ್ಷಿ ಹೇಳ್ತೀನಿ,” ಅಂದೆ.

“ಸುಕ್ಕಿನ ವಿಷಯಕ್ಕೆ ಸಾಕ್ಷಿ ಹೇಳ್ಬಹುದು,” ಅಂದರು ಅವರು. “ಆ ಹುಡುಗಿ ಬಟ್ಟೆ ಬಣ್ಣ ಹಳದಿ ಲೈಟಿಗೆ ಬಂದ ಕೂಡ್ಲೇ ಹಸಿರಿಗೆ ತಿರುಗ್ತು. ನಾನು ಕಂಡೆ. ಕಂಡೂ ಸುಮ್ನೆ ಕೂತೆ. ಅದಕ್ಕೆ ಸಾಕ್ಷಿ ಯಾರು ಹೇಳ್ತಾರೆ?”

ಅಕ್ಕನ ಯಜಮಾನರು ಬೀಗದ ಕೈ ಮಾಡುವವರು. ಮಾತು ಕಡಿಮೆ. ರಾತ್ರಿ ಅವರಿಗೂ ಹೇಳಿದರಂತೆ. ಅವರು ಅರದಿಂದ ಕೈ ಎತ್ತದೆ, “ನೀನು ಹೇಳ್ಬೇಕಿತ್ತು,” ಅಂದು ಮತ್ತೆ ಉಜ್ಜತೊಡಗಿದರಂತೆ.

ಎರಡು ದಿನ ಬಿಟ್ಟು ಹುಡುಗಿ ಕಾಲೇಜಿಗೆ ಬಂದಳು. ಅವಳು ಎಲ್ಲಿ ಹೋದರೂ ಹುಡುಗರು ಹಿಂದಿನಿಂದ ಹಡಗಿನ ಹಾರ್ನಿನ ಸದ್ದು ಮಾಡುತ್ತಿದ್ದರು. ಅವಳು ನನ್ನ ಮೇಜಿಗೆ ರಜೆ ಚೀಟಿ ಕೊಡಲು ಬಂದಾಗ ಪರದೆಯಕ್ಕ ಸ್ಟುಡಿಯೋದಿಂದ ಹೊರಬಂದು ಅವಳ ಎದುರು ನಿಂತರು.

“ನಿನ್ನ ಬಟ್ಟೆ ಕಾಣಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು,” ಅಂದರು ನೇರವಾಗಿ.

ಹುಡುಗಿ ಚಾಚಿದ್ದ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡಳು. “ಅವತ್ತೇ ಅಂದ್ರೆ? ಶೂಟಿಂಗ್ ದಿನಾನೇ?”

“ಹೂಂ.”

“ಮತ್ತೆ ಹೇಳ್ಲಿಲ್ಲ?”

“ಬಾಯಿ ಮುಚ್ಕೊಂಡಿರು ಅಂದ್ರಲ್ಲ. ಮುಚ್ಕೊಂಡೆ. ಅವನ ಸೊಕ್ಕು ಇಳೀಲಿ ಅಂತ.”

“ಅಲ್ಲಿದ್ದಿದ್ದು ಅವನ ಮುಖ ಅಲ್ಲ,” ಅಂದಳು ಹುಡುಗಿ. “ನಂದು. ನಮ್ಮಪ್ಪ ಅರ್ಧ ದಿನ ರಜೆ ಹಾಕಿ ಬಂದಿದ್ರು. ನಮ್ಮ ಚಿಕ್ಕಮ್ಮ ಆ ಬಟ್ಟೆ ಬೀರುವಿಗೆ ತುರುಕಿ ಬಾಗಿಲು ಹಾಕ್ಬಿಟ್ಟಿದ್ದಾರೆ. ಹೇಗಿದೆ ಅಂತ ನಿಮ್ಮನ್ನೇ ಕೇಳಿದ್ನಲ್ಲ ನಾನು.”

ಪರದೆಯಕ್ಕ ತಲೆ ತಗ್ಗಿಸಿದರು. ಪ್ರಿನ್ಸಿಪಾಲರ ಮುಂದೆಯೂ ಅವರು ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ಹುಡುಗಿ ಚೀಟಿ ನನ್ನ ಮೇಜಿನ ಮೇಲೆ ಬಿಟ್ಟು ಹೋದಳು.

ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದಳು, ಪರದೆಯಕ್ಕನ ಮುಖ ನೋಡದೆ ನನ್ನ ಕಡೆ ತಿರುಗಿ ಕೇಳಿದಳು: “ಗುಂಪು ಬಿಟ್ಟು ಒಬ್ಬಳೇ ಮತ್ತೆ ಪ್ರಾಜೆಕ್ಟ್ ಕೊಡೋಕೆ ನಿಯಮ ಇದ್ಯಾ ಸರ್?” ನಿಯಮ ಇತ್ತು. ಯಾರೂ ಓದದ ಪುಸ್ತಕದ ಹದಿನಾರನೇ ಪುಟದಲ್ಲಿ ಇತ್ತು. ಅರ್ಜಿ ನಾನೇ ಟೈಪು ಮಾಡಿದೆ. ಆಮೇಲೆ ಅವಳು ಅಕ್ಕನ ಕಡೆ ತಿರುಗಿ, “ಲೈಟು ನೀವು ಮಾಡ್ಕೊಡ್ಬೇಕು,” ಅಂದಳು. ಅದು ಕೇಳಿಕೆಯಾಗಿರಲಿಲ್ಲ, ಬರಬೇಕಾದ ಬಾಕಿ ವಸೂಲಿಯ ದನಿಯಾಗಿತ್ತು.

“ಏನು ತೋರಿಸ್ಬೇಕು?” ಅಂದರು ಅಕ್ಕ.

“ಬಸ್ಸು.”

“ಹಾಗಾದ್ರೆ ಸಮುದ್ರ ಬೇಡ. ಒಂದು ಕಿಟಕಿ ಸಾಕು. ಬೆಳಗ್ಗೆ ನಿಮ್ಮಪ್ಪನ ಬಸ್ಸಲ್ಲಿ ಕೂತು, ಕಿಟಕಿಯಾಚೆ ರಸ್ತೆ ಓಡೋದನ್ನ ಫೋನಲ್ಲಿ ತೆಗಿ. ಕೈ ಅಲ್ಲಾಡ್ಬಾರ್ದು, ಸರಳಿಗೆ ಕಟ್ಟು. ಬಿಸಿಲು ಯಾವ ಕಡೆಯಿಂದ ಬೀಳ್ತಿತ್ತು ಅಂತ ಬರ್ಕೊಂಡು ಬಾ. ಆಮೇಲೆ, ಅದೇ ಬಟ್ಟೆ ಹಾಕ್ಕೊಂಡು ಬಾ.”

“ಅದು ಮತ್ತೆ ಮಾಯ ಆಗಲ್ವಾ?”

“ನಾನು ಇರೋವಾಗ ಆಗಲ್ಲ.”

ಆ ಶನಿವಾರ ಸ್ಟುಡಿಯೋದಲ್ಲಿ ನಡೆದದ್ದನ್ನು ನೋಡಿದವನು ನಾನೊಬ್ಬನೇ. ಉಗ್ರಾಣದ ಕಸದಲ್ಲಿದ್ದ ಹಳೆಯ ಕಿಟಕಿ ಚೌಕಟ್ಟನ್ನು ಅಕ್ಕ ಎರಡು ಬೆಂಚಿನ ನಡುವೆ ನಿಲ್ಲಿಸಿದರು. ಅದರ ಹಿಂದೆ, ಸಾಕಷ್ಟು ದೂರದಲ್ಲಿ, ಹಸಿರು ಬಟ್ಟೆ. ಬಟ್ಟೆಗೆ ಎರಡು ಲೈಟು, ಒಂದೇ ದೂರ, ಒಂದೇ ಎತ್ತರ; ಅಂಗೈ ಹಿಡಿದು ನೋಡಿ, ಎಲ್ಲೂ ಕಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಹುಡುಗಿಯನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿ, ಕ್ಯಾಮರಾದಿಂದ ನೋಡಿದರೆ ಮುಖ ಮತ್ತು ಕೂದಲು ಮಾತ್ರ ಕಿಟಕಿಗೆ ಅಡ್ಡ ಬರಬೇಕು, ಉಡುಗೆ ಚೌಕಟ್ಟಿನ ಕೆಳಗೇ ಉಳಿಯಬೇಕು, ಹಾಗೆ ಕುರ್ಚಿಯ ಕಾಲಿನ ಕೆಳಗೆ ಎರಡೆರಡು ಪುಸ್ತಕ ಇಟ್ಟು ಸರಿ ಮಾಡಿದರು. “ಕಂಪ್ಯೂಟರಿಗೆ ಕಿಟಕಿ ಚೌಕದೊಳಗೆ ಮಾತ್ರ ನೋಡು ಅಂತ ಹೇಳು. ಆಚೆ ಹಸಿರಿದ್ರೂ ಅದರ ತಂಟೆಗೆ ಹೋಗಲ್ಲ.” ಕತ್ತು ನಿಲ್ಲದ ಲೈಟಿನ ಕತ್ತಿಗೆ ಹಗ್ಗ ಬಿಗಿದು, ಹಿಂದಿನಿಂದ ಕೂದಲಿನ ಅಂಚಿಗೆ ಬಿಟ್ಟರು. ಇನ್ನೊಂದು ಬಲಗಡೆಯಿಂದ ಕೆನ್ನೆಗೆ. ಹುಡುಗಿ ಬರೆದುಕೊಂಡು ಬಂದ ಚೀಟಿಯಲ್ಲಿ ಬಿಸಿಲು ಬಲಗಡೆ ಇತ್ತು.

ನನ್ನ ಕೈಗೂ ಕೆಲಸ ಬಂತು. ರಟ್ಟಿನ ಎರಡು ಪಟ್ಟಿ ಕೊಟ್ಟು, ಕೆನ್ನೆಯ ಲೈಟಿನ ಮುಂದೆ ಆಗಾಗ ಹಾಯಿಸಬೇಕು ಅಂದರು. ಬಸ್ಸು ಮರದ ಕೆಳಗೆ ಹೋದಾಗ ಮುಖದ ಮೇಲೆ ನೆರಳು ಹಾಯುತ್ತದಲ್ಲ, ಅದಕ್ಕೆ. ನಾನು ಉತ್ಸಾಹದಿಂದ ಬೀಸಿದೆ.

“ಯಜಮಾನ್ರೇ, ನಿಧಾನ. ಬಸ್ಸು ಅದು, ರಾಕೆಟ್ ಅಲ್ಲ.”

ಹುಡುಗಿ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ನನ್ನ ಕಡೆ ನೋಡಿ ನಕ್ಕಳು, ಅಕ್ಕನ ಕಡೆ ಅಲ್ಲ. ಅವರ ಜೊತೆ ಕೆಲಸಕ್ಕೆ ಬೇಕಾದ ಮಾತೆಲ್ಲ ಆಡಿದಳು, ಹೇಳಿದ್ದೆಲ್ಲ ಕೇಳಿದಳು. ‘ಅಕ್ಕ’ ಅಂತ ಮಾತ್ರ ಕರೆಯಲಿಲ್ಲ. ಮುಂದೆಯೂ ಕರೆಯಲಿಲ್ಲ.

ಎರಡು ವಾರದ ನಂತರ ಪರೀಕ್ಷಕರು ಬಂದರು. ಸ್ಲೈಡ್ ಸರ್ ಅವರ ಕೋಣೆಯಲ್ಲಿ ಕೂತು ಎಲ್ಲರ ವಿಡಿಯೋ ನೋಡಿದರು. ಹುಡುಗಿಯದು ಬಂದಾಗ ನಾನು ಅಂಕಪಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ಬಸ್ಸಿನ ಕಿಟಕಿ, ಆಚೆ ಓಡುವ ಬೀದಿ, ಅಂಗಡಿ ಬಾಗಿಲು ತೆಗೆಯುವವರು, ಕೆನ್ನೆಯ ಮೇಲೆ ಹಾಯುವ ಮರದ ನೆರಳು. ನವಿಲು ಬಣ್ಣದ ತೋಳಿನ ಮೇಲೆ ಒಂದೊಂದು ಮಣಿಯೂ ಕಾಣುತ್ತಿತ್ತು.

ಪರೀಕ್ಷಕರು ಪೂರ್ತಿ ನೋಡಿ ಹೇಳಿದರು: “ಹಾಡು ಚೆನ್ನಾಗಿದೆ. ಆದ್ರೆ ಗ್ರೀನ್ ಸ್ಕ್ರೀನ್ ಬಳಸ್ಬೇಕು ಅಂತ ನಿಯಮ ಇದೆಯಲ್ಲ, ಬಸ್ಸಲ್ಲೇ ಹೋಗಿ ತೆಗೆದ್ಬಿಟ್ಟಿದ್ದಾಳೆ.”

“ಹೌದು ಸರ್, ನಾನೂ ಹೇಳಿದ್ದೆ ಅವಳಿಗೆ,” ಅಂದರು ಸ್ಲೈಡ್ ಸರ್.

ಆ ಕ್ಷಣಕ್ಕೆ ಅವರ ಮುಖವನ್ನು ಚೌಕಟ್ಟು ಹಾಕಿಸಿ ಇಡಬೇಕಿತ್ತು. ನಾನು ಹುಡುಗಿಯನ್ನು ಕರೆದೆ. ಅವಳು ಮೂಲ ಚಿತ್ರ ತೆಗೆದು ತೋರಿಸಿದಳು: ಕುರ್ಚಿ, ಪುಸ್ತಕ, ಚೌಕಟ್ಟು, ಹಸಿರು ಬಟ್ಟೆ, ಮೂಲೆಯಲ್ಲಿ ರಟ್ಟು ಹಿಡಿದ ನನ್ನ ಮೊಣಕೈ. ಪರೀಕ್ಷಕರು ಕನ್ನಡಕ ಒರೆಸಿಕೊಂಡು, “ಓಹ್,” ಅಂದರು. ಸ್ಲೈಡ್ ಸರ್, “ಅದೇ ನಾನು ಹೇಳ್ತಿದ್ದಿದ್ದು,” ಅಂದರು.

ಕೊನೆಗೆ ಅಂಕ ಬಂದಾಗ ಹುಡುಗಿಗೆ ಐವತ್ತೆಂಟು, ಡೈರೆಕ್ಟರಿಗೆ ಅರವತ್ತೊಂದು. ಅವನ ವಿಡಿಯೋದಲ್ಲಿ ಎಫೆಕ್ಟು ಹೆಚ್ಚು ಇದೆಯಂತೆ: ಬೆಟ್ಟ, ಚಂದ್ರ, ಹಡಗು. ಪಟ್ಟಿಯಲ್ಲಿ ‘ಪ್ರಯತ್ನ ಶ್ಲಾಘನೀಯ’ ಅಂತ ಷರಾ ಬರೆದಿದ್ದರು. ಟೈಪು ಮಾಡಿದವನು ನಾನು, ಆದ್ದರಿಂದ ಇದು ಚಾಡಿ ಅಲ್ಲ. ಡೈರೆಕ್ಟರ್ ಈಗ ಎಲ್ಲೋ ಒಂದು ಕಂಪನಿಯಲ್ಲಿ ಇತರರಿಗೆ ಕಲ್ಪನೆ ಹೇಗಿರಬೇಕು ಅಂತ ತರಬೇತಿ ಕೊಡುತ್ತಾನಂತೆ.

ಹುಡುಗಿಯ ಅಪ್ಪ ಆ ವಿಡಿಯೋವನ್ನು ಡಿಪೋದಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದರಂತೆ. ಯಾರೂ ಅವಳ ಮುಖ ನೋಡಲಿಲ್ಲವಂತೆ. ಇದು ಯಾವ ರೂಟು, ಆ ತಿರುವಿನಲ್ಲಿ ಅಷ್ಟು ವೇಗ ಯಾಕೆ ಅಂತ ಜಗಳ ಆಡಿದರಂತೆ. ಅದಕ್ಕಿಂತ ದೊಡ್ಡ ಮೆಚ್ಚುಗೆ ಆ ಪರದೆಗೆ ಇನ್ಯಾವುದು ಬೇಕು. ಚಿಕ್ಕಮ್ಮ ಉಡುಗೆಯನ್ನು ಬೀರುವಿನಿಂದ ತೆಗೆದು ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದರು. ಹುಡುಗಿ ಕಾಲೇಜು ಬಿಡುವ ದಿನ ನನಗೆ ಕೈ ಮುಗಿದು ಹೋದಳು. ಸ್ಟುಡಿಯೋ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಅಕ್ಕ ಒಳಗೆ ಏಣಿಯ ಮೇಲಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹುಡುಗಿ ತಲೆಯಾಡಿಸಿ ಹೋದಳು. “ಅಷ್ಟಾದ್ರೂ ಆಡಿಸಿದ್ಲಲ್ಲ,” ಅಂದರು ಅಕ್ಕ ಆಮೇಲೆ.

ಮರುವರ್ಷದಿಂದ ಪರದೆಯಕ್ಕ ಸುಮ್ಮನಿರುವುದನ್ನು ಬಿಟ್ಟರು. ಕೇಳಲಿ ಬಿಡಲಿ, ಬಟ್ಟೆ ಹತ್ತಿರ ನಿಂತವರನ್ನು ತೋಳು ಹಿಡಿದು ಮುಂದೆ ಎಳೆದರು. ಕೈಗಡಿಯಾರ ಹೊಳೆದರೆ ಬಿಚ್ಚಿಸಿದರು. ಸ್ಲೈಡ್ ಸರ್ ಎರಡು ಸಲ ಎಚ್ಚರಿಸಿ, ಮೂರನೆಯ ಸಲ ನನ್ನಿಂದ ಒಂದು ನೋಟಿಸು ಟೈಪು ಮಾಡಿಸಿದರು: ‘ಅಟೆಂಡರ್ ಬೋಧನಾ ವಿಷಯದಲ್ಲಿ ಮಧ್ಯೆ ಪ್ರವೇಶಿಸತಕ್ಕದ್ದಲ್ಲ.’ ಅದೇ ವಾರ ಅವರು ತಮ್ಮ ಸ್ಲೈಡುಗಳಿಗೆ ಹುಡುಗಿಯ ಬಸ್ಸಿನ ವಿಡಿಯೋ ಸೇರಿಸಿ, ಕೆಳಗೆ ‘ಮಾರ್ಗದರ್ಶನ’ ಅಂತ ತಮ್ಮ ಹೆಸರು ಹಾಕಿಕೊಂಡಿದ್ದರು.

ನೋಟಿಸನ್ನು ಅಕ್ಕನ ಕೈಗೆ ಕೊಟ್ಟೆ. ಓದಿದರು.

“ಇದಕ್ಕೆ ಎಲ್ಲಿ ಸೈನು ಹಾಕ್ಬೇಕು?”

“ಕೆಳಗೆ. ಓದಿ ತಿಳಿದುಕೊಂಡೆ ಅಂತ.”

ಸೈನು ಹಾಕಿ, ಪೆನ್ನು ನನ್ನ ಮುಂದೆ ಇಟ್ಟರು. ಸ್ಟುಡಿಯೋ ಒಳಗೆ ಯಾವನೋ ಗಿಳಿ ಬಣ್ಣದ ಅಂಗಿ ಹಾಕಿಕೊಂಡು ಪರದೆಯ ಮುಂದೆ ನಿಂತಿದ್ದ. ಅಕ್ಕ ಬಾಗಿಲಿನಿಂದಲೇ ಕೂಗಿ ಹೇಳಿದರು: “ಏ ಮರಿ, ಅಂಗಿ ಬಿಚ್ಚಿ ಬೇರೆ ಹಾಕ್ಕೊಂಡು ಬಾ. ಇಲ್ಲಾಂದ್ರೆ ನಿನ್ನ ತಲೆ ಒಂದೇ ಮನೆಗೆ ಹೋಗುತ್ತೆ.”